ಯೋಗಾನಂದ ಕುಡಿದ ಹಾಲು

ಸರ್ಕಾರ ಕೂಲಿ ರೇಟು ಏರಿಸಿತು ಅನ್ನುವ ಸುದ್ದಿ ಚನ್ನಪಟ್ಟಣಕ್ಕೆ ಬರುವುದೂ ಒಂದೇ, ನಿಲ್ಲದ ರೈಲು ಸ್ಟೇಷನ್ ದಾಟುವುದೂ ಒಂದೇ. ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಮುಖಕ್ಕೆ ಒಂದಿಷ್ಟು ಧೂಳು ಹೊಡೆದು, ತಲೆಗೂದಲು ಕೆದರಿ, ಭಾರೀ ಸದ್ದು ಮಾಡಿಕೊಂಡು ಅದು ಮೈಸೂರಿಗೆ ಹೊರಟುಹೋಗುತ್ತದೆ. ನಿಂತವರು ಕಣ್ಣುಜ್ಜಿಕೊಂಡು ನಿಂತೇ ಇರುತ್ತಾರೆ. ಯೋಗಾನಂದನ ಬೊಂಬೆ ಶೆಡ್ಡಿನಲ್ಲಿ ಹಾಗೆ ಕಣ್ಣುಜ್ಜಿಕೊಂಡವರಲ್ಲಿ ಅನೀಸ್ ಒಬ್ಬ, ಅವನ ತಾಯಿ ಗುಲ್ಜಾರ್ ಬೀ ಒಬ್ಬಳು.

ಅನೀಸ್ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲೇತಿನ ಮುಂದೆ ನಿಂತವನು. ಆಲೆ ಮರದ ತುಂಡನ್ನು ಮೆಷಿನ್ನಿಗೆ ಕಚ್ಚಿಸಿ, ಉಳಿ ಹಿಡಿದು ಆಕಾರ ತೆಗೆದು, ಅದು ಗಿರಗಿರ ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುವುದು ಅವನ ಕೆಲಸ. ಗುಲ್ಜಾರ್ ಬೀ ಮತ್ತೆ ಐದು ಜನ ಹೆಂಗಸರು ಮೂಲೆಯ ಸಿಮೆಂಟು ನೆಲದಲ್ಲಿ ಕೂತು ಮಣಿಗಳನ್ನು ಉಪ್ಪುಕಾಗದದಲ್ಲಿ ತಿಕ್ಕುವುದು, ದಾರಕ್ಕೆ ಪೋಣಿಸುವುದು, ಆಟದ ಗಾಡಿಗೆ ಚಕ್ರ ಕೂರಿಸುವುದು. ಅವರಿಗೆ ಗಂಡಸರ ಕೂಲಿಯ ಅರ್ಧಕ್ಕಿಂತ ಒಸಿ ಜಾಸ್ತಿ, ಅಷ್ಟೇ. ಗುಲ್ಜಾರ್ ಬೀಯ ಮಂಡಿ ಹೋಗಿ ಎಷ್ಟೋ ಕಾಲವಾಗಿತ್ತು. ಸಂಜೆ ಏಳುವಾಗ ಒಂದು ಕೈ ಗೋಡೆಗೆ, ಇನ್ನೊಂದು ಕೈ ಮಗನ ಭುಜಕ್ಕೆ. ಆ ಕೈಯ ಭಾರ ಭುಜದ ಮೇಲೆ ಬಿದ್ದಾಗಲೆಲ್ಲ ಅನೀಸನಿಗೆ ಒಂದೇ ಯೋಚನೆ: ತನಗೆ ಸರ್ಕಾರದ ರೇಟು ಸಿಕ್ಕಿಬಿಟ್ಟರೆ ಅಮ್ಮಿ ಮನೆಯಲ್ಲಿ ಕೂರಬಹುದು. ಸುಮ್ಮನೆ. ಕಾಲು ಚಾಚಿಕೊಂಡು.

ಯೋಗಾನಂದನ ಬಗ್ಗೆ ಹೇಳಬೇಕಲ್ಲ, ಹೇಳೋಣ. ಎಂಬಿಎ ಓದಿದವನು. ಏನು ಓದಿದನೋ ಗೊತ್ತಿಲ್ಲ, ಕೂಲಿ ಕೇಳಿದವರಿಗೆ ಕಥೆ ಹೇಳುವುದನ್ನಂತೂ ಕಲಿತು ಬಂದಿದ್ದ. ಶೆಡ್ಡಿನ ಬಾಗಿಲ ಮೇಲೆ ‘ನಮ್ಮ ಪರಂಪರೆ, ನಮ್ಮ ಹೆಮ್ಮೆ’ ಅಂತ ಬಣ್ಣದ ಬೋರ್ಡು. ಹೊರದೇಶದ ಗಿರಾಕಿಗಳು ಬಂದರೆ ಹಳೇ ಕೆಲಸಗಾರ ಮುನಿಶಾಮಯ್ಯನ ತಲೆಗೆ ಬಾಡಿಗೆ ಪೇಟ ಕಟ್ಟಿಸಿ ಫೋಟೋ ಹೊಡೆಸುತ್ತಿದ್ದ. ಗಿರಾಕಿಗಳು ಹೋದ ಮೇಲೆ ಪೇಟ ವಾಪಸು, ಹೆಮ್ಮೆಯೂ ವಾಪಸು. ಯಾರಾದರೂ ಕೂಲಿಯ ಮಾತೆತ್ತಿದರೆ ಹೊಸ ಹೈವೇ ಕಡೆ ಕೈ ತೋರಿಸುತ್ತಿದ್ದ.

“ಆ ರೋಡ್ ಆದ್ಮೇಲೆ ಊರೊಳಕ್ಕೆ ಯಾರ್ರಪ್ಪಾ ಬತ್ತಾರೆ? ಎಲ್ಲಾ ಜುಂಯ್ ಅಂತ ಹೊಂಟೋಯ್ತಾರೆ. ಯಾಪಾರ ಎಲ್ಲೈತೆ? ನಾನೇ ಕೈಯಿಂದ ಹಾಕ್ಕೊಂಡು ನಿಮ್ಮನ್ನ ಸಾಕ್ತಾ ಇವ್ನಿ.”

ಆ ರೋಡಿನಲ್ಲಿ ಜುಂಯ್ ಅಂತ ಹೋಗುವ ಬಿಳೀ ಕಾರುಗಳಲ್ಲಿ ಒಂದು ಇವನದೇ. ಬೊಂಬೆಗಳು ಡಬ್ಬಿಗಟ್ಟಲೆ ಬೆಂಗಳೂರಿನ ದೊಡ್ಡ ದೊಡ್ಡ ಅಂಗಡಿಗಳಿಗೆ ಹೋಗುತ್ತಿದ್ದವು. ಕೈಯಿಂದ ಹಾಕಿಕೊಂಡು ಸಾಕುತ್ತಿದ್ದನಂತೆ! ಸಾಕುವವನು ನೋಡು.

ಹೊಸ ರೇಟಿನ ಸುದ್ದಿ ಫೋನಿನಲ್ಲಿ ಬಂದ ದಿನ ಟೀ ಹೊತ್ತಿಗೆ ಅನೀಸ್ ಮುನಿಶಾಮಯ್ಯನ ಪಕ್ಕ ಹೋಗಿ ಕೂತ.

“ಮುನಿಶಾಮಣ್ಣ, ಎಲ್ಲಾರೂ ಒಟ್ಗೆ ಹೋಗಿ ಕೇಳಾಣ. ನೀನ್ ಮುಂದೆ ನಿಂತ್ರೆ ಅವ್ನು ಇಲ್ಲ ಅನ್ನಕ್ಕಾಗಲ್ಲ.”

“ಹೊಸಾ ರೇಟು ಎಷ್ಟ್ಲಾ?” ಅನೀಸ್ ಹೇಳಿದ. ಮುನಿಶಾಮಯ್ಯ ಟೀ ಲೋಟ ಕೆಳಗಿಟ್ಟ. “ನಂಗೆ ಈಗ್ಲೇ ಅಷ್ಟು ಬತ್ತೈತಲ್ಲ.”

“ನಿಂಗ್ ಬತ್ತೈತೆ. ನಮ್ಗೆ?”

“ಅಂದ್ರೆ ನಂಗೂ ನಿಂಗೂ ಒಂದೇನಾ? ಆಮೇಲೆ ಆ ಮೂಲೇಲಿ ಚಕ್ರ ಚುಚ್ಚೋ ಹೆಂಗುಸ್ರಿಗೂ ನಂಗೂ ಒಸೀನೇ ಫರಕು. ಮೂವತ್ತ್ ವರ್ಸ ಉಳಿ ಹಿಡ್ದಿದ್ದಕ್ಕೆ ಏನ್ಲಾ ಬೆಲೆ?”

“ನೀನೂ ಜಾಸ್ತಿ ಕೇಳಣ್ಣ. ಕೆಳ್ಗಿನೋರು ಮೇಲಕ್ ಬಂದ್ರೆ ನೀನ್ ಇನ್ನೂ ಮೇಲಕ್ ಹೋಗ್ಬೇಕಲ್ವಾ?”

“ನಂಗ್ಯಾಕ್ಲಾ ಊರ ಉಸಾಬರಿ” ಅಂದ ಮುನಿಶಾಮಯ್ಯ ಎದ್ದು ಪಂಚೆ ಕೊಡವಿದ. “ನೀನ್ ಕೇಳ್ಕೊ ಹೋಗು.”

ಹೀಗಿತ್ತು ಆ ದೊಡ್ಡಮನುಷ್ಯನ ಯೋಗ್ಯತೆ. ತನಗೆ ಹೆಚ್ಚು ಬರಲಿಲ್ಲ ಅನ್ನುವುದು ಅವನ ಸಂಕಟವಲ್ಲ. ಪಕ್ಕದವನಿಗೆ ಬಂದರೆ ಮಾತ್ರ ಹೊಟ್ಟೆಗೆ ಬೆಂಕಿ. ಬಾಡಿಗೆ ಪೇಟ ಕಟ್ಟಿಸಿಕೊಂಡ ತಲೆ ತಾನೇ.

ಅನೀಸ್ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ರಾಮನಗರಕ್ಕೆ ಹೋದ. ಲೇಬರ್ ಇನ್‌ಸ್ಪೆಕ್ಟರ್ ಬೋರಲಿಂಗಯ್ಯ ಅವನ ಮಾತನ್ನು ಕಡಲೆಕಾಯಿ ಬಿಡಿಸುತ್ತ ಕೇಳಿದ. ಸಿಪ್ಪೆ ಒಂದು ಕಡೆ, ಬೀಜ ಬಾಯಿಗೆ. ಎಲ್ಲ ಕೇಳಿಯಾದ ಮೇಲೆ, “ಬತ್ತೀವಿ ಹೋಗಪ್ಪಾ, ನಮ್ಗೂ ನೂರಾರ್ ಕೆಲ್ಸ” ಅಂದ. ಯಾರು ಹೇಳಿದ್ದು ಅಂತ ಹೊರಗೆ ಬಿಡಬೇಡಿ ಸಾರ್ ಅಂತ ಅನೀಸ್ ಕೈ ಮುಗಿದ. ಯಾಕೆ ಮುಗಿದೆ ಅಂತ ವಾಪಸು ಬರುವ ಬಸ್ಸಿನುದ್ದಕ್ಕೂ ತನ್ನನ್ನೇ ಬೈದುಕೊಂಡ.

ಬೋರಲಿಂಗಯ್ಯ ಬರುವ ದಿನ ಬೋರಲಿಂಗಯ್ಯನಿಗಿಂತ ಮೊದಲು ಯೋಗಾನಂದನಿಗೆ ಗೊತ್ತಿತ್ತು. ಆವತ್ತು ಬೆಳಿಗ್ಗೆ ಎಲ್ಲರಿಗೂ ಬಿಡದಿಯ ತಟ್ಟೆ ಇಡ್ಲಿ. ಜತೆಗೆ ವಡೆ. ಅನೀಸ್ ಆ ಶೆಡ್ಡಿಗೆ ಕಾಲಿಟ್ಟ ಮೇಲೆ ಯೋಗಾನಂದ ಕೈಯಾರೆ ಚಟ್ನಿ ಬಡಿಸಿದ್ದು ಅದೇ ಮೊದಲು.

“ನೋಡ್ರಪ್ಪಾ” ಅಂದ, ಚಟ್ನಿ ಬಕೆಟ್ಟು ಕೈಯಲ್ಲೇ ಹಿಡಿದು. “ನಮ್ ಆಡಿಟರ್ ಹತ್ರ ಎಲ್ಲಾ ಕೇಳಿವ್ನಿ. ನೀವು ಆಳು ಅಂತಾದ್ರೆ ನಾನ್ ಸರ್ಕಾರದ ರೇಟ್ ಕೊಡ್ಬೇಕು. ಕೊಟ್ರೆ ಶೆಡ್ಡಿಗೆ ಬೀಗ. ಅದೇ ಮನೆಮಂದಿಯೆಲ್ಲಾ ಸೇರ್ಕಂಡು ಮಾಡೋ ಕಸುಬು ಅಂದ್ರೆ, ಯಾರೂ ಯಾರ್ಗೂ ಕೂಲಿ ಕೊಡಂಗಿಲ್ಲ, ಯಾರೂ ಕೇಳಂಗಿಲ್ಲ. ಇಷ್ಟ್ ವರ್ಸದಿಂದ ನಾವ್ ಒಂದೇ ಮನೆಯೋರ್ ತರ ಇಲ್ವಾ? ಅದನ್ನೇ ಸಾಹೇಬ್ರ ಮುಂದೆ ಹೇಳದು, ಅಷ್ಟೇಯ.”

ಆಮೇಲೆ ನೆಂಟಸ್ತಿಕೆ ಹಂಚಿದ. ಇಡ್ಲಿ ಹಂಚಿದಷ್ಟೇ ಸಲೀಸಾಗಿ. ಮುನಿಶಾಮಯ್ಯ ದೊಡ್ಡಪ್ಪ. ಕೂಟಗಲ್ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ದೊಡ್ಡಲಕ್ಷ್ಮಮ್ಮ ಸೋದರತ್ತೆ. ಲೇತಿನ ಹುಡುಗರು ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮನ ಮಕ್ಕಳು. ಗುಲ್ಜಾರ್ ಬೀ ಹತ್ತಿರ ಬಂದಾಗ ಒಂದು ಗಳಿಗೆ ತಡೆದ.

“ನೀವು... ನಮ್ಮಕ್ಕ ಇದ್ದಂಗೆ ಗುಲ್ಜಾರಮ್ಮ. ಅಕ್ಕ ಅಂತೀನಿ, ಹೂಂ ಅನ್ನಿ, ಸಾಕು.”

“ಹಂಗಾದ್ರೆ ನಾನ್ ನಿಮ್ ಸೋದರಳಿಯ” ಅಂದ ಅನೀಸ್. “ಮಾವ, ಒಸಿ ಚಟ್ನಿ ಹಾಕಿ.”

ಹುಡುಗರು ಕಿಸಕ್ಕಂದರು. ಯೋಗಾನಂದನೂ ನಕ್ಕ, ಚಟ್ನಿಯನ್ನೂ ಹಾಕಿದ. ಅವನಿಗೆ ಬೈಗುಳ ಯಾವುದು ಅಂತ ತಿಳಿಯುವಷ್ಟೂ ನಾಚಿಕೆ ಇರಲಿಲ್ಲ.

ಅನೀಸ್ ತಾಯಿಯ ಕಿವಿಯಲ್ಲಿ, “ಅಮ್ಮಿ, ನಾನ್ ಬಾಯ್ ಬಿಟ್ಬುಡ್ತೀನಿ” ಅಂದ.

“ಸುಮ್ಕಿರು. ಅಕ್ಕ ಅಂದ್ರೆ ಮೈಯೇನು ಸವೀತದಾ? ನಿನ್ ಕೆಲ್ಸ ಹೋದ್ರೆ ಒಲೆ ಮೇಲೆ ಏನಿಡ್ಲಿ?”

ಅವನು ಸುತ್ತ ನೋಡಿದ. ದೊಡ್ಡಪ್ಪ ಎರಡನೇ ವಡೆ ತಿನ್ನುತ್ತಿದ್ದ. ಸೋದರತ್ತೆ ಮಿಕ್ಕ ಇಡ್ಲಿಯನ್ನು ಮನೆಗೆ ಒಯ್ಯಲು ಸೆರಗಿನಲ್ಲಿ ಕಟ್ಟುತ್ತಿದ್ದಳು. ಒಂದು ತಟ್ಟೆ ಇಡ್ಲಿಗೆ ಹೆತ್ತ ಅಪ್ಪ ಅಮ್ಮನನ್ನೇ ಬದಲಾಯಿಸಿಕೊಂಡು ಕೂತಿದ್ದ ಈ ಜನಕ್ಕೆ ಸರ್ಕಾರ ಯಾವ ರೇಟು ಕೊಟ್ಟರೂ ದಂಡ ಅನ್ನಿಸಿತು.

ಬೋರಲಿಂಗಯ್ಯ ಬಂದದ್ದು ಹನ್ನೊಂದರ ಮೇಲೆ. ಯೋಗಾನಂದ ಅವನಿಗೆ ಕುರ್ಚಿ ಹಾಕಿ, ಎಳನೀರು ಕೊಟ್ಟು, ಫ್ಯಾನು ತಿರುಗಿಸಿದ.

“ಎಷ್ಟ್ ಜನ ಆಳ್ಗಳಪ್ಪಾ?”

“ಆಳು ಯಾರೂ ಇಲ್ಲ ಸಾರ್. ಎಲ್ಲಾ ನಮ್ ಮನೆಯೋರೇ. ವಂಶಪಾರಂಪರ್ಯ ಕಸುಬು.”

“ಈವಯ್ಯ?”

“ನಮ್ ದೊಡ್ಡಪ್ಪ ಸಾರ್.”

ಮುನಿಶಾಮಯ್ಯ ದೊಡ್ಡಪ್ಪನ ಹಾಗೆ ಕೆಮ್ಮಿದ.

“ಆಯಮ್ಮ?”

“ಸೋದರತ್ತೆ.”

ದೊಡ್ಡಲಕ್ಷ್ಮಮ್ಮ ಸೆರಗು ಹೊದ್ದು, “ಚೆನ್ನಾಗಿದ್ದೀಯಾ ಮಗ, ಮನೇಲಿ ಎಲ್ಲಾ ಸೌಖ್ಯವಾ?” ಅಂತ ಇನ್‌ಸ್ಪೆಕ್ಟರನ್ನೇ ವಿಚಾರಿಸಿದಳು. ಕೊಟ್ಟ ಪಾತ್ರಕ್ಕಿಂತ ಹೆಚ್ಚೇ ಆಡಿದಳು.

ಬೋರಲಿಂಗಯ್ಯನಿಗೂ ಇದು ನಾಟಕ ಅಂತ ಗೊತ್ತಿತ್ತು. ಹೊತ್ತು ಕಳೆದು ಎದ್ದು ಹೋಗುವುದಷ್ಟೇ ಅವನಿಗೂ ಬೇಕಿತ್ತು. ಆದರೆ ಏಳುವಾಗ ಮೊಳೆಗೆ ನೇತುಹಾಕಿದ್ದ ಬುರ್ಖಾ ಕಣ್ಣಿಗೆ ಬಿತ್ತು.

“ಇದ್ಯಾರ್ದಯ್ಯಾ?”

“ನಮ್ಮಕ್ಕಂದು” ಅಂದುಬಿಟ್ಟ ಯೋಗಾನಂದ.

ಬೋರಲಿಂಗಯ್ಯ ಹೊಟ್ಟೆ ಕುಲುಕಿಸಿಕೊಂಡು ನಕ್ಕ. “ನಿಮ್ಮಕ್ಕನಾ! ಎಲ್ಲವ್ರೆ ನಿಮ್ಮಕ್ಕ? ಹೆಸ್ರೇನಮ್ಮಾ?”

“ಗುಲ್ಜಾರ್ ಬೀ.”

“ಏನಯ್ಯಾ ಯೋಗಾನಂದ, ಗುಲ್ಜಾರ್ ಬೀ ನಿಂಗೆ ಹೆಂಗಯ್ಯಾ ಅಕ್ಕ ಆದ್ರು? ನಾನೇನ್ ಬರ್ಕಳ್ಲಿ?”

ಅಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ, ಅಕ್ಕ ಇದ್ದಂಗೆ ಸಾರ್ ಅಂತ ಹಲ್ಲುಗಿಂಜಿದ್ದರೆ, ಮುಗಿದುಹೋಗುತ್ತಿತ್ತು. ಆದರೆ ಎಂಬಿಎ ಅಲ್ಲವೇ, ಬುದ್ಧಿ ಓಡಿತು. ಮುಸಲ್ಮಾನರಲ್ಲಿ ಹಾಲಿನ ಸಂಬಂಧ ಅಂತ ಒಂದಿದೆ ಎಂದು ಎಲ್ಲೋ ಕೇಳಿದ್ದ.

“ಹಾಲಿನ ಸಂಬಂಧ ಸಾರ್” ಅಂದ, ದನಿ ಒದ್ದೆ ಮಾಡಿಕೊಂಡು. “ನಾನ್ ಹುಟ್ದಾಗ ನಮ್ ತಾಯಿಗೆ ಹಾಲಿರ್ಲಿಲ್ಲ. ಇವ್ರ ತಾಯಿ ಮುನ್ನೀ ಬೀ ಅಂತ, ಮಹಾತಾಯಿ, ಅವ್ರೇ ಎದೆಹಾಲು ಕೊಟ್ಟು ನನ್ನ ಉಳಿಸಿದ್ದು. ಒಂದೇ ಹಾಲು ಕುಡ್ದೋರು ಸಾರ್ ನಾವು. ಬೇಕಾದ್ರೆ ಆ ತಾಯಿ ಮೇಲೆ ಆಣೆ ಮಾಡ್ತೀನಿ.”

ಅನೀಸ್ ಉಳಿ ಕೆಳಗಿಟ್ಟ. ಅವರ ಕಡೆ ಹಾಲು ಆಟದ ಮಾತಲ್ಲ. ಒಬ್ಬ ತಾಯಿಯ ಎದೆಹಾಲು ಕುಡಿದ ಮಕ್ಕಳು ಯಾರ ಹೊಟ್ಟೆಯಲ್ಲಿ ಹುಟ್ಟಿದ್ದರೂ ಒಡಹುಟ್ಟಿದವರೇ. ಅವರ ನಡುವೆ ಮದುವೆಯೂ ಕೂಡದು. ಯಾರು ಯಾರಿಗೆ ಹಾಲು ಕೊಟ್ಟರು ಅಂತ ಮುದುಕಿಯರು ತಲೆಮಾರುಗಟ್ಟಲೆ ನೆನಪಿಟ್ಟಿರುತ್ತಾರೆ. ಹೆಸರು ಬೇಕಾದರೆ ಮರೆತಾರು, ಹಾಲು ಮರೆಯುವುದಿಲ್ಲ.

ಗುಲ್ಜಾರ್ ಬೀ ಗೋಡೆ ಹಿಡಿದು ಎದ್ದಳು. ಯಾರ ಭುಜವೂ ಬೇಕಾಗಲಿಲ್ಲ. ಮಡಿಲಲ್ಲಿದ್ದ ಮಣಿಗಳೆಲ್ಲ ನೆಲಕ್ಕೆ ಸುರಿದವು.

“ಸಾಹೇಬ್ರೇ, ನಾನ್ ಹುಟ್ಟಿದ ವಾರದಾಗೇ ನಮ್ಮಮ್ಮಿ ಸತ್ತೋದ್ಳು. ಅವ್ಳ ಒಂದ್ ಹನಿ ಹಾಲು ನನ್ ಬಾಯಿಗೆ ಬೀಳ್ಲಿಲ್ಲ. ಮೇಕೆ ಹಾಲಲ್ಲಿ ಬೆಳ್ದೋಳು ನಾನು. ಹೆತ್ತ ಮಗ್ಳಿಗೇ ಸಿಗ್ದಿದ್ದ ಹಾಲು, ನನ್ಗಿಂತ ಎಷ್ಟೋ ವರ್ಸ ಚಿಕ್ಕೋನು, ಇವ್ನ್ಗೆಲ್ಲಿ ಸಿಕ್ತು ಕೇಳಿ. ಗೋರಿಯಿಂದ ಎದ್ ಬಂದು ಕುಡಿಸಿದ್ಳಾ?”

ಯೋಗಾನಂದನ ಬಾಯಿ ತೆರೆದೇ ಇತ್ತು.

“ನಾನ್ ಇವ್ನ ಅಕ್ಕ ಅಲ್ಲ. ಕೂಲಿಯೋಳು. ಇವ್ನು ನನ್ ಮಗ, ಕೂಲಿಯೋನು. ಇಲ್ಲಿರೋರೆಲ್ಲಾ ಕೂಲಿಯೋರೇ. ಬರ್ಕಳಿ.”

ಅನೀಸ್ ತಾಯಿಯನ್ನೇ ನೋಡಿದ. ಎಷ್ಟು ವರ್ಷ ಕೂಲಿ ಮುರಿದರೂ ತೆರೆಯದ ಬಾಯಿ. ಮಂಡಿ ಸವೆದರೂ ತೆರೆಯದ ಬಾಯಿ. ಮುಖವನ್ನೇ ಕಾಣದ ತಾಯಿಯ ಹಾಲಿಗೆ ಯೋಗಾನಂದ ಕೈ ಹಾಕಿದ ಮೇಲೆ ತೆರೆಯಿತು. ಇಷ್ಟು ದಿನ ಎಲ್ಲಿತ್ತಮ್ಮಾ ಈ ಬಾಯಿ ಅಂತ ಸಿಟ್ಟೂ ಬಂತು, ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಬೋರಲಿಂಗಯ್ಯ ಬೇರೆ ದಾರಿಯಿಲ್ಲದೆ ಬರೆದುಕೊಂಡ. ಬರೆದ ಮೇಲೆ, ಇನ್ನೊಂದು ಸಲ ಬಂದು ನೋಡುತ್ತೇನೆ ಅಂದ. ಹೋಗುವಾಗ ಮೊಮ್ಮಗುವಿಗೆ ಅಂತ ಒಂದು ಆಟದ ರೈಲನ್ನು ಎತ್ತಿಕೊಂಡು ಹೋದ.

ಮುಂದಿನ ತಿಂಗಳು ಸರ್ಕಾರದ ರೇಟು ಬಂತು. ಹೌದು, ಬಂತು! ಹೇಗೆ ಬಂತು ಅನ್ನುವುದನ್ನು ಕೇಳಿ.

ಲೇತಿನ ಗಂಡಸರಿಗೆ ಏರಿತು. ಮುನಿಶಾಮಯ್ಯನಿಗೆ ಏರಲಿಲ್ಲ, ಅವನು ಮೊದಲೇ ಆ ಗೆರೆಯ ಮೇಲಿದ್ದನಲ್ಲ. ಈಗ ಅವನದೂ ಅನೀಸನದೂ ಹೆಚ್ಚೂಕಮ್ಮಿ ಒಂದೇ. ಅವನು ಅನೀಸನ ಜತೆ ಮಾತು ಬಿಟ್ಟ, ಯೋಗಾನಂದನ ಜತೆ ಬಿಡಲಿಲ್ಲ. ಬೆಳಗಿನ ಟೀ ನಿಂತಿತು. ಹಬ್ಬದ ಬೋನಸ್ಸು ಇಲ್ಲ ಅಂತ ಯೋಗಾನಂದ ಮೊದಲೇ ಹೇಳಿಸಿಬಿಟ್ಟ. ಹೆಂಗಸರಿಗೆ ಮಾತ್ರ ರೇಟು ಬರಲಿಲ್ಲ, ಯಾಕಂದರೆ ಶೆಡ್ಡಿನಲ್ಲಿ ಹೆಂಗಸರೇ ಇರಲಿಲ್ಲ. ಆರು ಜನರನ್ನೂ ಕರೆದು, “ಇಲ್ಲಿ ಧೂಳು, ನಿಮ್ ಆರೋಗ್ಯಕ್ಕೆ ಒಳ್ಳೇದಲ್ಲ, ಮನೇಲೇ ಆರಾಮಾಗಿ ಕೂತು ಮಾಡಿ, ಮಾಲು ಅಲ್ಲಿಗೇ ಬತ್ತದೆ” ಅಂದಿದ್ದ. ಡಜನ್ನಿಗೆ ಇಷ್ಟು ಅಂತ ಒಂದು ರೇಟು ಹೇಳಿದ. ಬೆಳಿಗ್ಗೆಯಿಂದ ಸಂಜೆವರೆಗೆ ಕತ್ತೆತ್ತದೆ ಮಾಡಿದರೂ ಹಳೇ ದಿನಗೂಲಿ ಮುಟ್ಟದಷ್ಟು. ಶೆಡ್ಡಿನೊಳಗೆ ಏರಿಸಿದ್ದನ್ನು ಶೆಡ್ಡಿನ ಹೊರಗೆ ಇಳಿಸಿಕೊಂಡ. ದೊಡ್ಡಲಕ್ಷ್ಮಮ್ಮ ತನ್ನ ಪಾಲಿನ ಮೂಟೆ ಎತ್ತಿಕೊಂಡು, “ಬಸ್ ಚಾರ್ಜಾದ್ರೂ ಉಳೀತು ಬುಡು” ಅಂತ ಕೂಟಗಲ್ ಬಸ್ಸು ಹತ್ತಿದಳು. ಮಿಕ್ಕ ನಾಲ್ವರೂ ಒಯ್ದರು. ಗುಲ್ಜಾರ್ ಬೀಯ ಪಾಲಿನ ಮೂಟೆ ಮಾತ್ರ ಶೆಡ್ಡಿನಲ್ಲೇ ಉಳಿಯಿತು.

ಸಂಜೆ ಅನೀಸ್ ಲೇತು ನಿಲ್ಲಿಸಿ ಕೈ ತೊಳೆಯುತ್ತಿದ್ದಾಗ ಯೋಗಾನಂದ ಒಂದು ಮೂಟೆಯನ್ನು ಕಾಲಿನಲ್ಲಿ ಅವನ ಕಡೆ ತಳ್ಳಿದ.

“ಹೋಗ್ತಾ ನಿಮ್ಮಮ್ಮಂಗೆ ಕೊಟ್ಬುಡು. ಮಣಿ ಅವೆ. ದಸರಾ ಆರ್ಡರು, ಬೇಗ ಆಗ್ಬೇಕು.”

ಅನೀಸನ ಕಿವಿ ಬಿಸಿಯಾಯಿತು. ಅಮ್ಮಿ ಮನೆಯಲ್ಲಿ ಕೂರಬೇಕು ಅಂತ ತಾನೇ ಅವನು ಬಯಸಿದ್ದು? ಇಗೋ, ಯೋಗಾನಂದ ಕೂರಿಸಿದ್ದಾನೆ. ಈಗ ಈ ಮೂಟೆಯನ್ನು ತಾನೇ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಅವಳ ಮುಂದೆ ಸುರಿಯಬೇಕು. ತನ್ನ ರೇಟು ಏರಿದ್ದು ಅವಳು ಬಾಯಿ ಬಿಟ್ಟದ್ದರಿಂದ. ಅವಳ ರೇಟು ಬಿದ್ದದ್ದೂ ಅದರಿಂದಲೇ. ಎಂಥ ಮಗ! ಎಂಥ ಸಂಪಾದನೆ!

“ನಾನ್ ಒಯ್ಯಲ್ಲ” ಅಂದ.

“ಏನ್ಲಾ?”

“ಸೋದರಳಿಯ ಆಗಿದ್ರೆ ಹೊರ್ತಿದ್ದೆ ಯೋಗಣ್ಣ. ಮಾವನ ಮನೆ ಮೂಟೆ ಅಲ್ವಾ, ತಲೆ ಮೇಲೇ ಹೊರ್ತಿದ್ದೆ. ಈಗ ನಾನ್ ವರ್ಕರ್ರು. ಸಾಹೇಬ್ರು ಬರ್ಕಂಡೋಗವ್ರೆ. ಲೇತ್ ಕೆಲ್ಸ ಮುಗೀತು, ಮೂಟೆ ಕೆಲ್ಸ ನಂದಲ್ಲ.”

“ಲೋ, ನಾಳಿಂದ ಬರ್ಬ್ಯಾಡ ಅಂದ್ಬುಟ್ರೆ?”

“ಅನ್ನಿ. ಸಾಹೇಬ್ರು ಇನ್ನೊಂದ್ ಸಲ ಬತ್ತೀನಿ ಅಂದವ್ರಲ್ಲ. ಬಂದಾಗ ನನ್ ಲೇತಿನ್ ಮುಂದೆ ಯಾವ್ ಚಿಕ್ಕಪ್ಪನ ಮಗನ್ನ ನಿಲ್ಲುಸ್ತೀರಿ?”

ಯೋಗಾನಂದ ಮೂಟೆಯನ್ನು ಕಾಲಿನಲ್ಲೇ ವಾಪಸು ಎಳೆದುಕೊಂಡ. ದಸರಾ ಕಳೆಯಲಿ, ಏನಾದರೂ ನೆಪ ಹುಡುಕಿ ಒದ್ದು ಓಡಿಸುತ್ತಾನೆ ಅಂತ ಅನೀಸನಿಗೆ ಗೊತ್ತಿತ್ತು. ಒದೆಯಲಿ. ಅಲ್ಲಿಯವರೆಗಂತೂ ಅವನು ವರ್ಕರ್ರು.

ಮಾರನೇ ಭಾನುವಾರ ಮಧ್ಯಾಹ್ನ ಅನೀಸನ ಗಲ್ಲಿಯ ಬಾಯಿಗೆ ಬಿಳೀ ಕಾರು ಬಂದು ನಿಂತಿತು. ಕಾರು ಒಳಗೆ ಹಿಡಿಸುವ ಗಲ್ಲಿಯಲ್ಲ. ಇಸ್ತ್ರಿ ಅಂಗಿಯ ಯೋಗಾನಂದ ಮೂಟೆಯನ್ನು ತಾನೇ ಹೆಗಲ ಮೇಲೆ ಹೊತ್ತುಕೊಂಡು, ಚರಂಡಿ ದಾಟಿ, ಕಟ್ಟಿಹಾಕಿದ ಮೇಕೆಗಳನ್ನು ದಾಟಿ ಬಂದ. ಬಾಗಿಲು ಬಾಗಿಲಿಗೂ ಹೆಂಗಸರು ಹೊರಬಂದು ನೋಡಿದರು. ಮೇಕೆಗಳೂ ನೋಡಿದವು.

ಗುಲ್ಜಾರ್ ಬೀ ಹೊಸ್ತಿಲ ಮೇಲೆ ಒಂದು ಕಾಲು ಚಾಚಿ ಕೂತಿದ್ದಳು. ಅನೀಸ್ ಒಳಗೆ ಗೋಡೆಗೆ ಒರಗಿದ್ದ, ಎದ್ದು ಬರಲಿಲ್ಲ.

“ಏನಕ್ಕಾ” ಅಂದ ಯೋಗಾನಂದ ಏದುಸಿರು ಬಿಡುತ್ತ. ಮೂಟೆ ಇಳಿಸಿದ. “ಕೋಪ ಮಾಡ್ಕಬ್ಯಾಡಿ. ಆವತ್ತು ಏನೋ ಬಾಯ್ ತಪ್ಪಿ ಬಂದ್ಬುಡ್ತು. ಆರ್ಡರು ನಿಂತದೆ. ಒಸಿ ಮಾಡ್ಕೊಡಿ.”

“ಬಾ ಯೋಗಣ್ಣ. ಬಿಸ್ಲಲ್ಲಿ ಬಂದಿದ್ದೀಯ” ಅಂದಳು ಗುಲ್ಜಾರ್ ಬೀ. ತುಂಬಾ ಮೆತ್ತಗೆ. “ಅನೀಸ್, ಆ ಲೋಟದಾಗಿರೋ ಹಾಲ್ ತಾ.”

ಅನೀಸನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಲೋಟ ತುಂಬ ಹಾಲು ತಂದು ಯೋಗಾನಂದನ ಕೈಗಿಟ್ಟ.

“ಪಕ್ಕದ್ಮನೆ ಮೇಕೇದು. ಈಗಷ್ಟೇ ಕರ್ದಿದ್ದು” ಅಂದಳು ಅವಳು. “ನಾನ್ ಬೆಳ್ದಿದ್ದು ಮೇಕೆ ಹಾಲಲ್ಲಿ ಅಂತ ಆವತ್ತೇ ಹೇಳಿದ್ನಲ್ಲ. ನೀನೂ ಕುಡಿ. ಆಗ ಒಂದೇ ಹಾಲು ಕುಡ್ದೋರು ಆಯ್ತೀವಿ. ಸಾಹೇಬ್ರು ಬಂದ್ರೆ ಆಣೆನೂ ಮಾಡ್ಬೋದು.”

ಎದುರು ಮನೆಯ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡಳು. ಯೋಗಾನಂದ ಲೋಟ ನೋಡಿದ, ಗಲ್ಲಿ ನೋಡಿದ, ಮೇಕೆ ನೋಡಿದ. ಆಮೇಲೆ ಕುಡಿದ. ಮುಲಾಜಿಗೆ ಒಂದು ಗುಟುಕು ಕುಡಿದು ಇಟ್ಟನೇ? ಇಲ್ಲ. ಪುಕ್ಕಟೆ ಬಂದದ್ದನ್ನು ಬಿಟ್ಟು ಅಭ್ಯಾಸವಿದ್ದರೆ ತಾನೇ. ತಲೆ ಎತ್ತಿ ಕೊನೇ ತೊಟ್ಟಿನವರೆಗೂ ಕುಡಿದು ಮೀಸೆ ಒರೆಸಿಕೊಂಡ.

“ಆಯ್ತಲ್ಲಕ್ಕಾ. ಈಗ ಮೂಟೆ ಇಟ್ಕಳಿ. ಡಜನ್ನಿಗೆ ಒಂದ್ರೂಪಾಯಿ ಬೇಕಾದ್ರೆ...”

“ಅಕ್ಕ ಅಂದ್ಯಲ್ಲ.”

“ಹೂಂ ಅಕ್ಕಾ.”

“ಹಾಲೂ ಕುಡ್ದೆಯಲ್ಲ.”

“ಹೂಂ.”

“ಒಡಹುಟ್ಟಿದ್ ಅಕ್ಕನ್ ಕೈಲಿ ಯಾರಾದ್ರೂ ಕೂಲಿ ಮಾಡುಸ್ತಾರೇನಪ್ಪಾ? ನಾಕ್ ಜನ ಕೇಳುದ್ರೆ ನಿನ್ ಮುಖಕ್ಕುಗಿಯಲ್ವಾ? ಎತ್ಕೊ ಮೂಟೆ. ನಾನ್ ಕೂಲಿಯೋಳೇ ಆಗ್ಬೇಕು ಅಂತಿದ್ರೆ ಶೆಡ್ಡಿಗ್ ಕರಿ, ನನ್ ಮಗನ್ ಪಕ್ಕ ಕೂರುಸಿ, ಸರ್ಕಾರದ ರೇಟ್ ಕೊಡು. ಮಂಡಿ ಹೋದ್ರೂ ಬತ್ತೀನಿ. ಎರಡ್ರಲ್ ಒಂದ್ ಹೇಳು.”

ಯೋಗಾನಂದನ ಮುಖ ಕಪ್ಪಿಟ್ಟಿತು. ಬಗ್ಗಿ ಮೂಟೆಯನ್ನು ಸರಕ್ಕನೆ ಎಳೆದು ಹೆಗಲಿಗೇರಿಸಿಕೊಂಡ. ಎಳೆದ ರಭಸಕ್ಕೆ ಮೂಟೆಯ ಬಾಯಿ ಸಡಿಲವಾಯಿತು. ಅವನು ಬಿರಬಿರನೆ ನಡೆದ ಹಾಗೆಲ್ಲ ಕೆಂಪು, ಹಳದಿ, ಹಸಿರು ಮಣಿಗಳು ಬೆನ್ನ ಹಿಂದೆ ಉದುರುತ್ತ, ಕಲ್ಲಿನ ಮೇಲೆ ಟಕಟಕ ಕುಣಿಯುತ್ತ, ಚರಂಡಿಗೆ ಉರುಳಿದವು. ಗಲ್ಲಿಯ ಅರ್ಧ ಹೆಂಗಸರು ಮಣಿ ಪೋಣಿಸಿಯೇ ಬದುಕಿದವರು. ಒಬ್ಬರೂ ಬಗ್ಗಲಿಲ್ಲ.

ಕಾರಿನ ಸದ್ದು ಹೈವೇ ಕಡೆ ಕರಗಿತು. ಅನೀಸ್ ಹೊರಗೆ ಬಂದು ತಾಯಿಯ ಪಕ್ಕ ಕೂತ.

“ಅಮ್ಮಿ, ನನ್ನೊಬ್ಬನ್ ಸಂಬ್ಳದಾಗೆ ನಡೀತದಾ?”

“ನಡುಸ್ಬೇಕು” ಅಂದಳು. ಖಾಲಿ ಲೋಟವನ್ನು ಅವನ ಕೈಗೆ ಕೊಟ್ಟಳು. “ಚೆನ್ನಾಗ್ ತಿಕ್ಕಿ ತೊಳಿ. ಅವ್ನ್ ಬಾಯಿಟ್ಟವ್ನೆ.”

ಆಮೇಲೆ ಇನ್ನೊಂದು ಕಾಲನ್ನೂ ಚಾಚಿ ಕೂತಳು.